ಮುಳ್ಳೆತ್ತುವ ಮೀಮಾಂಸೆ

ಅಧಿಕಾರಿ

ಯಾವ ಶಾಸ್ತ್ರವೇ ಆಗಲಿ, ಅದನ್ನು ಓದಲು ಯಾರು ಅರ್ಹರೆಂದು ಮೊದಲೇ ಹೇಳಿಬಿಡುವುದು ಪದ್ಧತಿ. ಅಟ್ಟದ ಮೇಲೆ ಒಂದು ಟ್ರಂಕು ರೆಕಾರ್ಡು, ಸೊಂಟದಲ್ಲಿ ಒಂದಿಷ್ಟು ಹಿಡಿತ, ಊಟವಾದೊಡನೆ ತಡೆಯಲಾರದ ಜೊಂಪು: ಈ ಸಾಧನತ್ರಯ ಉಳ್ಳವನೇ ಈ ಗ್ರಂಥಕ್ಕೆ ಅಧಿಕಾರಿ. ನಿದ್ದೆ ಬಾರದವರೂ ಓದಬಹುದು; ಬಂದೀತು.

ವಿಷಯ

ರೆಕಾರ್ಡಿನ ಒಂದು ಮಗ್ಗುಲು ಮುಗಿದ ಮೇಲೆ ಮುಳ್ಳನ್ನು ಎತ್ತತಕ್ಕವರು ಯಾರು? ಈ ಜಿಜ್ಞಾಸೆ ಹುಟ್ಟಿದ್ದು ಒಂದು ಭಾನುವಾರ. ಬಿಸಿಬೇಳೆಬಾತಿನ ನಂತರ ಪ್ರಬಂಧಕಾರನು ಭೀಮಸೇನ ಜೋಶಿಯವರ ಎಲ್‌ಪಿ ಹಾಕಿ, ಈಸಿಚೇರಿನಲ್ಲಿ ಒರಗಿ ರಸಸಮಾಧಿಯನ್ನು ಹೊಂದಿದನು. ಹಾಡು ಮುಗಿಯಿತು. ಮುಳ್ಳು ನಡುವಿನ ಖಾಲಿ ಗೆರೆಯಲ್ಲಿ ಟಕ್, ಟಕ್ ಎಂದು ಸುತ್ತತೊಡಗಿತು. ನಿಮಿಷಕ್ಕೆ 33⅓ ಸುತ್ತು, ಗಂಟೆಗೆ ಸರಿಯಾಗಿ 2,000 ಟಕ್ಕು. ಅಷ್ಟೂ ಆದ ಮೇಲೆ ಅಡುಗೆಮನೆಯಿಂದ ಭಾಷ್ಯ ಬಂತು: “ರೀ, ಅದಾ ಟಕ್ ಟಕ್ ಅಂತಿದ್ದಿದ್ದು? ನಾನು ನಲ್ಲಿ ಸೋರ್ತಿದೆ ಅಂತ ಪ್ಲಂಬರಿಗೆ ಫೋನ್ ಮಾಡಿದೀನಿ!”

ಪ್ಲಂಬರು ಬಂದ. ನಲ್ಲಿ ಸರಿಯಿತ್ತು. ಬಂದದ್ದಕ್ಕೆ ದುಡ್ಡು ತೆಗೆದುಕೊಂಡ. ಆ ದಿನವೇ ಆಟೊಮ್ಯಾಟಿಕ್ ಟರ್ನ್‌ಟೇಬಲ್ ಕೊಳ್ಳುವ ಸಂಕಲ್ಪವಾಯಿತು.

ಇತಿಹಾಸ

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ರೆಕಾರ್ಡಿಗೆ ಹಾಡಿದಾಗ, ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸಿದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಹಾಡು ಯಾರದೆಂದು ತಿಳಿಯಲಿ ಎಂಬುದು ಇದರ ಉದ್ದೇಶವೆಂದು ಇತಿಹಾಸಕಾರರ ಮತ. ಪ್ರಕೃತ ಪ್ರಬಂಧಕಾರನ ಮತ ಬೇರೆ: ಅದು ‘ಹಾಡು ಮುಗಿಯಿತು, ಎದ್ದು ಮುಳ್ಳೆತ್ತಿ’ ಎಂಬ ಎಚ್ಚರಿಕೆ. ಇಂಥ ದೂರದೃಷ್ಟಿಯ ಗಾಯಕಿ ಕೊನೆಗಾಲದಲ್ಲಿ ಮೈಸೂರಿಗೆ ಬಂದು ನೆಲೆಸಿ, 1930ರಲ್ಲಿ ಅಲ್ಲೇ ತೀರಿಕೊಂಡದ್ದು ನಮ್ಮ ನಾಡಿನ ಋಣಾನುಬಂಧ.

ಆ ಕಾಲದ ಅರಗಿನ ತಟ್ಟೆ ಮೂರು ನಾಲ್ಕು ನಿಮಿಷದಲ್ಲಿ ಮುಗಿಯುತ್ತಿತ್ತು. ಅಷ್ಟರಲ್ಲಿ ಆಕಳಿಕೆ ಬಂದೀತೇ ಹೊರತು ನಿದ್ದೆ ಬಾರದು. 1948ರಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ಎಲ್‌ಪಿ ತಂದಿತು. ಒಂದು ಮಗ್ಗುಲು ಇಪ್ಪತ್ತು ನಿಮಿಷ ದಾಟಿತು. ಆದ್ದರಿಂದ ಶ್ರೋತೃನಿದ್ರೆಯ ಸಮಸ್ಯೆ 1948ರದೆಂದು ಕಾಲನಿರ್ಣಯ ಮಾಡಬಹುದು.

ಸಂಶಯ

ಟರ್ನ್‌ಟೇಬಲ್ ಮೂರು ವಿಧ. ಶ್ರೀವೈಷ್ಣವರ ಎರಡು ದೃಷ್ಟಾಂತಗಳಿಂದ ಇವುಗಳ ಭೇದ ಸುಲಭವಾಗಿ ತಿಳಿಯುತ್ತದೆ. ಮ್ಯಾನ್ಯುಯಲ್ ಎಂಬುದು ಮರ್ಕಟಕಿಶೋರ ನ್ಯಾಯ: ಕೋತಿಮರಿ ತಾನೇ ತಾಯಿಯನ್ನು ತಬ್ಬಿ ಹಿಡಿಯಬೇಕು; ಮುಳ್ಳಿಡುವುದೂ ಎತ್ತುವುದೂ ನಮ್ಮದೇ ಪ್ರಯತ್ನ. ಫುಲ್ ಆಟೊಮ್ಯಾಟಿಕ್ ಎಂಬುದು ಮಾರ್ಜಾರಕಿಶೋರ ನ್ಯಾಯ: ತಾಯಿಬೆಕ್ಕು ಮರಿಯನ್ನು ಕಚ್ಚಿ ಒಯ್ಯುವಂತೆ ಯಂತ್ರವೇ ತೋಳನ್ನೆತ್ತಿ ತಟ್ಟೆಯ ಅಂಚಿಗಿಳಿಸಿ, ಮುಗಿದ ಮೇಲೆ ಮರಳಿ ತಂದು ಮಲಗಿಸುತ್ತದೆ, ನಾವು ಗುಂಡಿ ಒತ್ತಿ ಶರಣಾದರೆ ಸಾಕು. ಸೆಮಿ ಆಟೊಮ್ಯಾಟಿಕ್‌ನಲ್ಲಿ ಮುಳ್ಳಿಡುವಾಗ ನಾವು ಕೋತಿ, ಕೊನೆಯಲ್ಲಿ ಬೆಕ್ಕು. ಇವುಗಳಲ್ಲಿ ಗ್ರಾಹ್ಯ ಯಾವುದು?

ಪೂರ್ವಪಕ್ಷ

ಮರ್ಕಟಪಕ್ಷದವರು ಹೇಳುತ್ತಾರೆ: ಯಂತ್ರದ ಹಲ್ಲು, ಚಕ್ರ, ಸನ್ನೆಗಳು ಹೆಚ್ಚಿದಷ್ಟೂ ಕೆಡುವ ಸಂದರ್ಭ ಹೆಚ್ಚು. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200ರಂಥ ಖ್ಯಾತ ಯಂತ್ರದಲ್ಲೂ ಮುಳ್ಳನ್ನು ಕೈಯಿಂದಲೇ ಇಡಬೇಕು. ಮೇಲಾಗಿ ಸ್ವಂತ ಕೈಯಿಂದ ಇಡದವನಿಗೆ ಸಂಗೀತ ದಕ್ಕದು.

ಸಿದ್ಧಾಂತ

ಎರಡನೆಯ ವಾದಕ್ಕೆ ಉತ್ತರ: ಆ ಟೆಕ್ನಿಕ್ಸ್ ಯಂತ್ರ ಪ್ರಿಯವಾದದ್ದು ಡೀಜೆಗಳಿಗೆ, ಅವರು ಮದುವೆಮನೆಯಲ್ಲಿ ನಿಂತೇ ಇರುತ್ತಾರೆ, ನಿದ್ದೆ ಮಾಡುವುದಿಲ್ಲ. ದೃಷ್ಟಾಂತ ಸಲ್ಲದು.

ಮೊದಲನೆಯದಕ್ಕೆ ಉತ್ತರ ತಟ್ಟೆಯ ಅಡಿಯಲ್ಲೇ ಇದೆ. ಹಾಡಿನ ಗೆರೆಗಳಲ್ಲಿ ಮುಳ್ಳು ಆಮೆಯಂತೆ ಒಳಗೆ ಸರಿಯುತ್ತದೆ. ಕೊನೆಯ ಖಾಲಿ ಗೆರೆಯಲ್ಲಿ ಒಮ್ಮೆಲೇ ನಡುವಿಗೆ ಜಾರುತ್ತದೆ. ಈ ಅವಸರವನ್ನು ಕಂಡ ಒಂದು ಪುಟ್ಟ ಸನ್ನೆ, ತಿರುಗುವ ತಟ್ಟೆಗೇ ಒಂದು ಹಲ್ಲಿನ ಚಕ್ರವನ್ನು ಕಚ್ಚಿಸುತ್ತದೆ. ಆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ತೋಳು ಎದ್ದು ಮನೆ ಸೇರಿ ಯಂತ್ರ ಆರಿರುತ್ತದೆ. ಹಾಡು ನುಡಿಯುವಾಗ ಆ ಚಕ್ರ ಸುಮ್ಮನೆ ಕೂತಿರುತ್ತದೆ. ಸಂಗೀತಕ್ಕೆ ಅಡ್ಡ ಬರದೆ, ಊಟದ ಹೊತ್ತಿಗೆ ಮಾತ್ರ ಏಳುವ ನೆಂಟನೆಂದರೆ ಇವನೇ.

ಕೊಳ್ಳುವಾಗ ನೋಡತಕ್ಕ ಲಕ್ಷಣಗಳು ಐದು. ಒಂದು, ಮುಳ್ಳಿನ ಭಾರ ಎರಡು ಗ್ರಾಮಿನ ಆಸುಪಾಸಿರಬೇಕು. ಸೂಟ್‌ಕೇಸಿನಂಥ ಅಗ್ಗದ ಪೆಟ್ಟಿಗೆಗಳಲ್ಲಿ ಅದರ ಎರಡು ಮೂರು ಪಟ್ಟಿರುವುದುಂಟು, ಅದು ಹಾಡಿಸುವುದಲ್ಲ, ಉಳುವುದು. ಎರಡು, ಸವೆದ ಮುಳ್ಳು ಬದಲಿಸಲು ಬರಬೇಕು. ಮೂರು, ಫೋನೊ ಪ್ರಿಆಂಪ್ ಒಳಗೇ ಇರಬೇಕು. ಮುಳ್ಳಿನಿಂದ ಬರುವ ವಿದ್ಯುತ್ತು ಕೆಲವೇ ಮಿಲಿವೋಲ್ಟು, ಪ್ರಿಆಂಪ್ ಇಲ್ಲದಿದ್ದರೆ ಮಹಾಗಾಯಕರೂ ಸೊಳ್ಳೆಯಂತೆ ಕೇಳುತ್ತಾರೆ. ನಾಲ್ಕು, ತಟ್ಟೆಯ ಅಳತೆ ಆರಿಸುವ ಗುಂಡಿಯನ್ನು ಮರೆಯಬಾರದು, ಯಂತ್ರಕ್ಕೆ ಕಣ್ಣಿಲ್ಲ. ಏಳಂಗುಲದ ತಟ್ಟೆ ಇಟ್ಟು ಹನ್ನೆರಡಕ್ಕೆ ತಿರುಗಿಸಿದರೆ ಮುಳ್ಳು ಬಟಾಬಯಲಿಗೆ ಬೀಳುತ್ತದೆ. ಐದು, ತಾತನ 78ರ ತಟ್ಟೆಗಳಿದ್ದರೆ ಅಂಗಡಿಯಲ್ಲೇ ಕೇಳಿಕೊಳ್ಳಿ. ಈಗಿನ ಆಟೊಮ್ಯಾಟಿಕ್‌ಗಳು ಹೆಚ್ಚಾಗಿ 33 ಮತ್ತು 45ಕ್ಕೇ ನಿಲ್ಲುತ್ತವೆ. 78ಕ್ಕೆ ವೇಗವಷ್ಟೇ ಅಲ್ಲ, ದಪ್ಪ ಮುಳ್ಳೂ ಬೇರೆ ಬೇಕು.

ಫಲ

ಲಕ್ಷಣಗಳೆಲ್ಲ ಕೂಡಿದ ಯಂತ್ರ ಮನೆಗೆ ಬಂತು. ಮುಂದಿನ ಭಾನುವಾರ ಅದೇ ಬಾತು, ಅದೇ ಜೋಶಿ, ಅದೇ ಸಮಾಧಿ. ಹಾಡು ಮುಗಿಯಿತು, ತೋಳು ತಾನಾಗಿ ಎದ್ದು ಮನೆ ಸೇರಿತು, ಮನೆಯೆಲ್ಲ ನಿಶ್ಶಬ್ದ. ಆ ನಿಶ್ಶಬ್ದಕ್ಕೇ ಪ್ರಬಂಧಕಾರನಿಗೆ ಎಚ್ಚರವಾಯಿತು. ಒಳಗಿನಿಂದ ಕೇಳಿತು: “ರೀ, ಚೆನ್ನಾಗಿತ್ತು. ಇನ್ನೊಂದು ಮಗ್ಗುಲು ಹಾಕಿ.”

ಶಾಸ್ತ್ರ ಇಲ್ಲಿ ನಿಂತಿತು. ಮುಳ್ಳನ್ನೆತ್ತುವ ಯಂತ್ರ ತಟ್ಟೆಯನ್ನು ಮಗುಚುವುದಿಲ್ಲ. ಹಿಂದೆ ಎತ್ತರದ ಕಡ್ಡಿಯಲ್ಲಿ ತಟ್ಟೆ ಪೇರಿಸಿ ಒಂದರ ಮೇಲೊಂದು ಬೀಳಿಸುವ ಚೇಂಜರುಗಳಿದ್ದವು. ಸಾಮಾನ್ಯವಾಗಿ ಅವೂ ದೋಸೆ ಹಾಕುತ್ತಿದ್ದವೇ ಹೊರತು ಮಗುಚುತ್ತಿರಲಿಲ್ಲ.

ಆದ್ದರಿಂದ ನಿರ್ಣಯ ಹೀಗೆ: ನಿದ್ದೆ ಮಾಡುವವರು ಆಟೊಮ್ಯಾಟಿಕ್ಕನ್ನೇ ಕೊಳ್ಳಿ, ಮುಳ್ಳೂ ಪ್ಲಂಬರಿನ ದುಡ್ಡೂ ಉಳಿಯುತ್ತವೆ. ಆದರೆ ಅದನ್ನು ಈಸಿಚೇರಿನಿಂದ ಕೈಗೆಟುಕುವ ಹಾಗೆ ಇಟ್ಟುಕೊಳ್ಳಿ.