ರಾಶಿಗೃಹಸ್ಥ

ಹೊಸ ಫ್ಲಾಟಿನ ಛಾವಣಿ, ಗೋಡೆ, ಬಾಗಿಲು, ದಿಂಬಿನ ಚೀಲ, ಹೀಗೆ ಸಿಕ್ಕ ಸಿಕ್ಕ ಜಾಗದಲ್ಲೆಲ್ಲ ಹನ್ನೆರಡು ರಾಶಿಗಳ ನಕ್ಷತ್ರಚಿತ್ರ ಬರೆಸುವ ನಗರವಾಸಿಗೆ ರಾಶಿಗೃಹಸ್ಥ ಎಂದು ಹೆಸರಿಡಬಹುದು. ಬೆಂಗಳೂರಿನ ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್, ಹೆಣ್ಣೂರು ಕಡೆಯ ಎತ್ತರದ ಕಟ್ಟಡಗಳಲ್ಲಿ ಇವನ ಸಂತತಿ ಹೇರಳ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ವಿರಳ. ಅಲ್ಲಿ ರಾಶಿಗಳು ಮೊಳೆಗೆ ತೂಗುಹಾಕಿದ ಪಂಚಾಂಗದೊಳಗೇ ಸಂಸಾರ ಮಾಡಿಕೊಂಡಿವೆ. ವಯಸ್ಸು ನಲವತ್ತರ ಆಸುಪಾಸು, ಗೃಹಸಾಲ ಇಪ್ಪತ್ತು ವರ್ಷದ್ದು. ಜ್ಯೋತಿಷ್ಯದಲ್ಲಿ ನಂಬಿಕೆಯೇ ಎಂದು ಕೇಳಿದರೆ "ನಂಬಿಕೆ ಅಂತಲ್ಲ, ಎಸ್ಥೆಟಿಕ್ ಅಷ್ಟೆ" ಎನ್ನುತ್ತಾನೆ. ಗೃಹಪ್ರವೇಶದ ಮುಹೂರ್ತವನ್ನು ಮಾತ್ರ ಇಬ್ಬರು ಜೋಯಿಸರಲ್ಲಿ ಕೇಳಿ, ಮೂರನೆಯವರಿಂದ ಖಚಿತ ಮಾಡಿಸಿಕೊಂಡಿರುತ್ತಾನೆ.

ಈ ಹುಚ್ಚಿನ ಬೀಜ ಬೀಳುವುದು ಹೆಚ್ಚಾಗಿ ಸಕಲೇಶಪುರದ ಕಡೆಯ ಒಂದು ಹೋಂಸ್ಟೇಯಲ್ಲಿ. ಅಮಾವಾಸ್ಯೆಯ ಹತ್ತಿರದ ರಾತ್ರಿ, ಕರೆಂಟು ಹೋಗಿದೆ, ಫೋನಿಗೆ ಸಿಗ್ನಲ್ ಇಲ್ಲ. ನೋಡಲು ಬೇರೇನೂ ಉಳಿಯದೆ ಗೃಹಸ್ಥ ತಲೆಯೆತ್ತುತ್ತಾನೆ. ಬೆಂಗಳೂರಿನಲ್ಲಿ ಬೆರಳೆಣಿಕೆಗೆ ಸಿಗುವ ಚುಕ್ಕಿಗಳು ಇಲ್ಲಿ ಲೆಕ್ಕ ತಪ್ಪಿಸುತ್ತವೆ. ಮೊದಲೇ ಇಳಿಸಿಕೊಂಡಿದ್ದ ಆ್ಯಪನ್ನು ಆಕಾಶಕ್ಕೆ ಹಿಡಿದು "ಸ್ಕಾರ್ಪಿಯೋ!" ಎಂದು ಕೂಗುತ್ತಾನೆ. ಪಕ್ಕದಲ್ಲಿದ್ದ ತೋಟದ ರೈಟರು ಯಾರದೋ ಗಾಡಿ ಬಂತೆಂದು ಗೇಟಿನ ಕಡೆ ನೋಡುತ್ತಾರೆ. ಊರಿಗೆ ಮರಳಿದ ವಾರದಲ್ಲೇ ಗೃಹಸ್ಥನಿಗೆ ತನ್ನ ಬಾಲ್ಕನಿಯ ದಾರಿದ್ರ್ಯ ಅರಿವಾಗುತ್ತದೆ. ಅದಕ್ಕೆ ಯುಪಿವಿಸಿ ಗಾಜು, ಗಾಜಿನಾಚೆ ಪಾರಿವಾಳದ ಬಲೆ, ಬಲೆಯಾಚೆ ಎದುರಿನ ಟವರು. ಆಕಾಶದ ಕತ್ತಲೆಗೆ ಒಂದರಿಂದ ಒಂಬತ್ತರವರೆಗೆ ದರ್ಜೆ ಕೊಡುವ ಬಾರ್ಟಲ್ ಮಾನ ಎಂಬುದೊಂದಿದೆ. ಮಹಾನಗರಗಳ ಪಾಲಿಗೆ ಬರುವುದು ಅದರ ಕೊನೆಯ ಬೆಂಚು. ಬಲೆಯನ್ನು ಬಿಚ್ಚಿ, ಬೀದಿದೀಪಕ್ಕೊಂದು ಮುಚ್ಚಳ ಹಾಕಿಸಿ ಎಂದು ಅರ್ಜಿ ಕೊಡುವುದು ಅವನ ಜಾಯಮಾನವಲ್ಲ. ಇಂಟೀರಿಯರ್ ಡಿಸೈನರಿಗೆ ಫೋನು ಮಾಡುತ್ತಾನೆ.

ಕೆಲಸಕ್ಕೆ ಕೈಹಚ್ಚುವ ಮೊದಲು ಒಂದು ತೊಡಕು ಬಗೆಹರಿಯಬೇಕು: ಯಜಮಾನನ ರಾಶಿ ಯಾವುದು? ಆಗಸ್ಟ್ 5ರಂದು ಹುಟ್ಟಿದವನು ಹದಿಹರೆಯದಿಂದಲೂ ತಾನು ಸಿಂಹ ಎಂದೇ ತಿಳಿದಿದ್ದಾನೆ. ಈ ಸಿಂಹ ಬಂದದ್ದು ಇಂಗ್ಲೆಂಡಿನಿಂದ. 1930ರಲ್ಲಿ ರಾಜಕುಮಾರಿ ಮಾರ್ಗರೆಟ್ ಹುಟ್ಟಿದಾಗ ಲಂಡನ್ನಿನ 'ಸಂಡೇ ಎಕ್ಸ್‌ಪ್ರೆಸ್' ಪತ್ರಿಕೆ ಆರ್. ಎಚ್. ನೇಲರ್ ಎಂಬ ಜ್ಯೋತಿಷಿಯಿಂದ ಕೂಸಿನ ಭವಿಷ್ಯ ಬರೆಸಿತು. ಓದುಗರು ಮುಗಿಬಿದ್ದರು, ಅದು ಅಂಕಣವಾಗಿ ಬೆಳೆಯಿತು, ಹುಟ್ಟಿದ ತಾರೀಖು ಕೇಳಿ ರಾಶಿ ಹೇಳುವ ಪದ್ಧತಿ ಪತ್ರಿಕೆಗಳಲ್ಲಿ ನೆಲೆಯೂರಿತು. 1968ರಲ್ಲಿ ಬಂದ ಲಿಂಡಾ ಗುಡ್‌ಮನ್ ಅವರ 'ಸನ್ ಸೈನ್ಸ್' ಅದನ್ನು ನಮ್ಮ ಹಾಸ್ಟೆಲ್ ಮಂಚಗಳವರೆಗೆ ತಂದಿತು. ಪಂಚಾಂಗದ ಲೆಕ್ಕವೇ ಬೇರೆ. ಅದು ಸ್ಥಿರ ನಕ್ಷತ್ರಗಳನ್ನು ಹಿಡಿದು ಎಣಿಸುತ್ತದೆ, ಪಾಶ್ಚಾತ್ಯರು ವಿಷುವಬಿಂದುವನ್ನು ಹಿಡಿದು ಎಣಿಸುತ್ತಾರೆ. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಂದು ಸುತ್ತು ಓಲಾಡುವುದರಿಂದ ಎರಡರ ನಡುವೆ ಈಗ ಸುಮಾರು 24 ಡಿಗ್ರಿ ಅಂತರ ಬಿದ್ದಿದೆ. ಸೂರ್ಯ ಡಿಸೆಂಬರ್ 21ರ ಸುಮಾರಿಗೇ ಉತ್ತರಕ್ಕೆ ಹೊರಳಿದರೂ ನಾವು ಎಳ್ಳುಬೆಲ್ಲ ಬೀರಲು ಜನವರಿ 14ರವರೆಗೆ ಕಾಯುವುದು ಇದೇ ಅಂತರದಿಂದ. ಈ ಲೆಕ್ಕದಲ್ಲಿ ಆಗಸ್ಟ್ 5ರ ಸೂರ್ಯ ಇರುವುದು ಕರ್ಕಾಟಕದಲ್ಲಿ. ಸಾಲದ್ದಕ್ಕೆ ಇಲ್ಲಿ ಜನ್ಮರಾಶಿ ಎಂದರೆ ಸೂರ್ಯನದಲ್ಲ, ಚಂದ್ರನದು. ತಾಯಿಯ ಟ್ರಂಕಿನಿಂದ ಜಾತಕ ತೆಗೆಸಿದರೆ ಹಸ್ತಾ ನಕ್ಷತ್ರ, ಕನ್ಯಾ ರಾಶಿ. ಹೀಗೆ ಒಬ್ಬನೇ ಆಸಾಮಿಗೆ ಮೂರು ರಾಶಿ ಗಂಟುಬೀಳುತ್ತವೆ. ಲಿವಿಂಗ್ ರೂಮಿನ ಗೋಡೆಯನ್ನು ಸಿಂಹ ಗೆಲ್ಲುತ್ತದೆ. ಕನ್ಯೆ ದೇವರಮನೆಯಲ್ಲಿ ಸಂಕಲ್ಪದ ಹೊತ್ತಿಗೆ ಮಾತ್ರ ತಲೆಹಾಕುತ್ತಾಳೆ. ಕರ್ಕಾಟಕವನ್ನು ಕೇಳುವವರಿಲ್ಲ.

ಕೇಳದಿರಲು ಇನ್ನೊಂದು ಕಾರಣವೂ ಉಂಟು. ಕರ್ಕಾಟಕದಲ್ಲಿ ಹೆಸರು ಹೇಳಿಕೊಳ್ಳುವಂಥ ಹೊಳಪಿನ ನಕ್ಷತ್ರ ಒಂದೂ ಇಲ್ಲ. ಗೋಡೆಯ ಮೇಲೆ ಬರೆದರೆ ಏಡಿಯ ಒಂದು ಕಾಲೂ ಕಾಣುವುದಿಲ್ಲ. ರಾಶಿಗಳಲ್ಲೂ ರೂಪವಂತರು, ಕುರೂಪಿಗಳು ಇದ್ದಾರೆ. ವೃಶ್ಚಿಕ ನಿಜಕ್ಕೂ ಚೇಳಿನಂತೆಯೇ ಇದೆ: ಎದೆಯಲ್ಲಿ ಕೆಂಪು ಜ್ಯೇಷ್ಠಾ, ಕೊನೆಯಲ್ಲಿ ಮೇಲಕ್ಕೆ ಮಡಚಿದ ಮೂಲಾ. ಹಾಗಾಗಿ ವೃಶ್ಚಿಕದವರ ಮನೆಯಲ್ಲಿ ಅದು ಸೋಫಾದ ಹಿಂದಿನ ಇಡೀ ಗೋಡೆಯನ್ನು ಆಕ್ರಮಿಸಿ, ಜ್ಯೇಷ್ಠಾ ನಕ್ಷತ್ರಕ್ಕೆ ಕೆಂಪು ಬಲ್ಬನ್ನೂ ಸಂಪಾದಿಸುತ್ತದೆ. ಮೇಷದವರ ಪಾಡು ಬೇರೆ. ಹಮಾಲ್, ಶೆರಟಾನ್, ಮೆಸಾರ್ತಿಮ್ ಎಂಬ ಮೂರು ಚುಕ್ಕಿಗಳನ್ನು ಕೂಡಿಸಿದರೆ ಸಿಗುವುದು ಒಂದು ಸೊಟ್ಟ ಗೆರೆ. ಕೊನೆಯ ಎರಡು ನಮ್ಮ ಅಶ್ವಿನಿ. ಟಗರಿನ ಕೊಂಬಾಗಲಿ ಬಾಲವಾಗಲಿ ಅದರಲ್ಲಿ ಕಾಣಲು ಗ್ರೀಕರ ಕಲ್ಪನೆಯೇ ಬೇಕು. ಮಲಗುವ ಕೋಣೆಯ ಗೋಡೆಯಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಟ್ಟ ಮೇಷವನ್ನು ಎಲೆಕ್ಟ್ರಿಷಿಯನ್ ವೈರಿಂಗ್ ನಕ್ಷೆ ಎಂದು ಓದಿ, ಹಮಾಲಿನಿಂದ ಶೆರಟಾನಿನವರೆಗೆ ಗೋಡೆ ಕೊರೆದು, "ಮೇಡಂ, ಈ ಪಾಯಿಂಟು ಎಸಿಗಾ, ಗೀಸರಿಗಾ?" ಎಂದು ಕೇಳಿದ ಮೇಲೆ ಮೇಷದವರು ಗೆರೆಚುಕ್ಕಿಯ ಸಹವಾಸ ಬಿಟ್ಟು ನೇರವಾಗಿ ಟಗರಿನ ಚಿತ್ರ ತರಿಸುತ್ತಾರೆ. ಮಿಥುನದ ಅವಳಿಗಳಾದ ಕ್ಯಾಸ್ಟರ್ ಮತ್ತು ಪೊಲಕ್ಸ್, ಅಂದರೆ ನಮ್ಮ ಪುನರ್ವಸು, ದಂಪತಿಗಳ ಮಂಚದ ತಲೆಹಲಗೆಗೆ ಪ್ರಶಸ್ತ ಎಂದು ಡಿಸೈನರುಗಳ ಮತ. ಆಕಾಶದಲ್ಲಿ ಒಂದು ಸುಮಾರು 51 ಜ್ಯೋತಿರ್ವರ್ಷ ದೂರದಲ್ಲಿದೆ, ಇನ್ನೊಂದು ಸುಮಾರು 34. ಒಂದಕ್ಕೊಂದು ಸಂಬಂಧವೇ ಇಲ್ಲ. ದಾಂಪತ್ಯಕ್ಕೆ ಇದು ಒಪ್ಪುತ್ತದೋ ಇಲ್ಲವೋ ಎಂಬ ಚರ್ಚೆ ಈ ವಿವರಣೆಯ ವ್ಯಾಪ್ತಿಗೆ ಬರುವುದಿಲ್ಲ.

ಅಲಂಕಾರದ ಶಿಖರ ಛಾವಣಿ. ಜಿಪ್ಸಂ ಹಲಗೆಯ ಫಾಲ್ಸ್ ಸೀಲಿಂಗಿಗೆ ಕಡುನೀಲಿ ಬಳಿದು, ಸಣ್ಣ ರಂಧ್ರ ಕೊರೆದು, ಒಂದೊಂದರಲ್ಲೂ ಕೂದಲೆಳೆಯಂಥ ಆಪ್ಟಿಕಲ್ ಫೈಬರ್ ಇಳಿಬಿಡುತ್ತಾರೆ. ಎಲ್ಲ ಎಳೆಗಳ ಬುಡವೂ ಒಂದು ಪೆಟ್ಟಿಗೆಯಲ್ಲಿ ಸೇರಿ, ಅಲ್ಲಿನ ಒಂದೇ ದೀಪದಿಂದ ಇಡೀ ನಕ್ಷತ್ರಲೋಕ ಬೆಳಗುತ್ತದೆ. ಆ ದೀಪ ಕೆಟ್ಟ ದಿನ ಪ್ರಳಯ. ಇಲ್ಲಿ ಕಾಣುವ ಸಾಮಾನ್ಯ ದೋಷವೆಂದರೆ ಎಡಬಲ ತಿರುವುಮುರುವಾಗುವುದು. ಆಕಾಶವನ್ನು ಗೋಳದ ಹೊರಗಿನಿಂದ ಕಂಡಂತೆ ಬರೆಯುವ ಹಳೆಯ ಪದ್ಧತಿಯೊಂದಿತ್ತು. ಅಂಥ ಚಿತ್ರ ನೋಡಿ ಛಾವಣಿಗೆ ಇಳಿಸಿದರೆ ಎಲ್ಲವೂ ಕನ್ನಡಿಯ ಬಿಂಬವಾಗುತ್ತದೆ. ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣ 1913ರಲ್ಲಿ ತೆರೆದಾಗ ಅದರ ದೊಡ್ಡ ಹಜಾರದ ಛಾವಣಿಯ ರಾಶಿಚಿತ್ರ ಪೂರ್ವಪಶ್ಚಿಮ ಅದಲುಬದಲಾಗಿತ್ತು. ಅದನ್ನು ಪತ್ತೆಹಚ್ಚಿದವನು ರೈಲು ಹಿಡಿಯಲು ಬಂದ ಒಬ್ಬ ಪ್ರಯಾಣಿಕ. ಮೇಲಿನಿಂದ ನೋಡುವ ದೇವರಿಗೆ ಹೀಗೇ ಕಾಣುತ್ತದೆ ಎಂಬ ಸಮಜಾಯಿಷಿ ಹುಟ್ಟಿಕೊಂಡಿತು, ಚಿತ್ರ ಹಾಗೇ ಉಳಿಯಿತು. ಫ್ಲಾಟಿನಲ್ಲಿ ಈ ಸಮಜಾಯಿಷಿ ನಡೆಯದು. ಅಲ್ಲಿ ಛಾವಣಿಯ ಮೇಲಿರುವುದು ದೇವರಲ್ಲ, ಮೇಲಿನ ಮನೆಯವರ ಬಚ್ಚಲು. ಹಾಗಾಗಿ ಡಿಸೈನರು ಬೇರೆ ಕಾರಣ ಕೊಡುತ್ತಾರೆ: "ಸಾರ್, ಟೀವಿ ಯೂನಿಟ್ ಬಲಕ್ಕಿದೆ. ಸಿಂಹದ ಬಾಲ ಎಡಕ್ಕೆ ಬಂದರೇನೇ ಬ್ಯಾಲೆನ್ಸು."

ಕಟ್ಟಡಕ್ಕೂ ರಾಶಿಗೂ ನಂಟು ಹಾಕಿದ ಘನವಾದ ಮಾದರಿ ಕರ್ನಾಟಕದಲ್ಲೇ ಇದೆ. ಶೃಂಗೇರಿಯ ವಿದ್ಯಾಶಂಕರ ದೇಗುಲ 14ನೆಯ ಶತಮಾನದ್ದು. ಅದರ ಮಂಟಪದಲ್ಲಿ ಹನ್ನೆರಡು ರಾಶಿಗಳನ್ನು ಕೆತ್ತಿದ ಹನ್ನೆರಡು ಕಂಬಗಳಿದ್ದು, ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ಕಂಬಕ್ಕೆ ಬಿಸಿಲು ಬೀಳುವಂತೆ ಜೋಡಿಸಿದ್ದಾರೆಂಬುದು ಪ್ರತೀತಿ. ರಾಶಿಗೃಹಸ್ಥ ಅಲ್ಲಿಗೆ ಹೋಗಿರುತ್ತಾನೆ, ಊಟದ ಸಾಲಿಗೆ ಓಡುವ ಮುನ್ನ ಕಂಬದ ಫೋಟೋ ತೆಗೆದಿರುತ್ತಾನೆ, ಅದನ್ನು ವಾಟ್ಸ್ಆ್ಯಪಿನಲ್ಲಿ ಡಿಸೈನರಿಗೆ ಕಳಿಸಿ "ಈ ಫೀಲ್ ಬೇಕು" ಎಂದಿರುತ್ತಾನೆ. ಫೀಲು ಎಂಡಿಎಫ್ ಹಲಗೆಯಲ್ಲಿ ಬರುತ್ತದೆ: ಯಂತ್ರದಲ್ಲಿ ಕೊರೆದ ಹನ್ನೆರಡು ಚೌಕ, ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು. ಬಿಸಿಲಿನ ಕೆಲಸವನ್ನು ಎಲ್ಇಡಿ ಪಟ್ಟಿಗಳಿಗೆ ವಹಿಸಿ, ಆಯಾ ತಿಂಗಳ ಚೌಕ ಬಾಯಿಮಾತಿಗೆ ಬೆಳಗುವ ಏರ್ಪಾಡು ಮಾಡುತ್ತಾರೆ. "ಸಿಂಹ ಆನ್" ಎಂದರೆ ಯಂತ್ರ ಸಾಹಸಸಿಂಹ ವಿಷ್ಣುವರ್ಧನರ ಹಾಡು ಹಾಕುತ್ತದೆ. ಮನೆಯ ಹಿರಿಯರು ಈ ಏರ್ಪಾಡನ್ನು ಮೆಚ್ಚುವ ಒಂದೇ ಸಂದರ್ಭ ಇದು.

ಚೌಕಗಳು ಗೋಡೆಗೇರಿದ ಮೇಲೆ ಯಾರಾದರೂ ಭಾವಮೈದುನ ಹದಿಮೂರನೆಯ ರಾಶಿಯ ಸುದ್ದಿ ತರುತ್ತಾನೆ. ಸುದ್ದಿ ಪೂರಾ ಸುಳ್ಳಲ್ಲ. ಖಗೋಳಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಆಕಾಶವನ್ನು 88 ತಾರಾಪುಂಜಗಳಾಗಿ ಹಂಚಿ ಗಡಿ ಎಳೆದಾಗ ಸೂರ್ಯನ ಹಾದಿ ಉರಗಧರ ಎಂಬ ಪುಂಜದೊಳಗೂ ಹಾಯಿತು. ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಸೂರ್ಯ ಅಲ್ಲಿ ಸುಮಾರು 18 ದಿನ ತಂಗುತ್ತಾನೆ. ಜಂಬದ ವೃಶ್ಚಿಕಕ್ಕೆ ಸಿಗುವುದು ಒಂದೇ ವಾರ. ಖಗೋಳದ ಗಡಿ ಬೇರೆ, ತಲಾ 30 ಡಿಗ್ರಿಯ ರಾಶಿ ಬೇರೆ ಎಂಬ ವಿವೇಕದ ಮಾತು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯುವುದಿಲ್ಲ. ಗೃಹಸ್ಥನ ಚಿಂತೆ ಶುದ್ಧ ಅಂಕಗಣಿತದ್ದು: ಹದಿಮೂರನ್ನು ನಾಲ್ಕರಿಂದಲೂ ಭಾಗಿಸಲಾಗದು, ಮೂರರಿಂದಲೂ ಆಗದು. ಉರಗಧರನ ಪ್ರವೇಶಕ್ಕೆ ಇಷ್ಟರಿಂದಲೇ ತಡೆಬೀಳುತ್ತದೆ.

ಮನೆಯ ಉಳಿದ ಸದಸ್ಯರಲ್ಲಿ ತಾಯಿ ಮುಖ್ಯಳು. ಊರಿಂದ ಬಂದು ಹದಿನೈದು ದಿನ ಇರುವ ಆಕೆಗೆ ಆಪ್ಟಿಕಲ್ ಫೈಬರಿನ ಗೊಡವೆಯಿಲ್ಲ, ನಕ್ಷತ್ರಗಳ ಪರಿಚಯ ಮಾತ್ರ ಬಲವಾಗಿದೆ. ಆದರೆ ಅವು ಮಳೆಯ ಹೆಸರುಗಳಾಗಿ: ಮೃಗಶಿರಾ, ಆರಿದ್ರಾ, ಪುಷ್ಯ, ಆಶ್ಲೇಷಾ, ಮಘೆ, ಹುಬ್ಬೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಬಿತ್ತನೆಯಿಂದ ಕಳೆಯವರೆಗೆ ರೈತರ ಲೆಕ್ಕವೆಲ್ಲ ಇದರ ಮೇಲೇ. ಗೋಡೆಯ ಸಿಂಹವನ್ನು ತೋರಿಸಿ "ಇದು ನಾನು" ಎಂದ ಮಗನಿಗೆ ಆಕೆ, "ನೀನು ಹುಟ್ಟಿದ್ದು ಆಶ್ಲೇಷಾ ಮಳೇಲಿ. ಹಳ್ಳ ತುಂಬಿ ಸೂಲಗಿತ್ತಿ ಆಚೆ ದಡದಲ್ಲೇ ಉಳಿದಳು" ಎಂದು ನಿಖರವಾದ ದಾಖಲೆ ಒದಗಿಸುತ್ತಾಳೆ. ಮಗುವಿನ ಕೋಣೆಗೆ ಬೇರೆ ನಿಯಮ. ಅಲ್ಲಿ ಅಂಗಡಿಯವರು ರೇಡಿಯಂ ಎಂದು ಮಾರುವ, ರೇಡಿಯಂ ಲವಲೇಶವೂ ಇಲ್ಲದ ಹೊಳೆಯುವ ಸ್ಟಿಕರುಗಳು. ಅವುಗಳಲ್ಲಿರುವುದು ಬೆಳಕನ್ನು ಹೀರಿಟ್ಟುಕೊಂಡು ಕತ್ತಲಲ್ಲಿ ನಿಧಾನಕ್ಕೆ ಬಿಡುವ ಪುಡಿ, ಒಳ್ಳೆಯ ಮಾಲಾದರೆ ಸ್ಟ್ರಾನ್ಷಿಯಂ ಅಲ್ಯುಮಿನೇಟ್. ಮಗ ಅವನ್ನು ಧನು ರಾಶಿಯಂತೆ ಅಂಟಿಸುವ ಬದಲು ಎಡಗೈ ಬ್ಯಾಟ್ಸ್‌ಮನ್‌ಗೆ ಲೆಗ್‌ಸ್ಪಿನ್ನರ್ ಇಡುವ ಫೀಲ್ಡಿಂಗಿನಂತೆ ಅಂಟಿಸಿದ್ದಾನೆ. ಇಡೀ ಮನೆಯಲ್ಲಿ ತಪ್ಪಿಲ್ಲದ ನಕ್ಷೆ ಇದೊಂದೇ.

ನೆಂಟರು ಬಂದಾಗ ದೀಪಗಳನ್ನೆಲ್ಲ ಆರಿಸಿ ಛಾವಣಿಯನ್ನು ಹೊತ್ತಿಸುವುದು ಈ ಗೃಹಸ್ಥನ ಸತ್ಕಾರಕ್ರಮ. ಕತ್ತಲಲ್ಲಿ ಕೂತ ನೆಂಟರು ಕೋಡುಬಳೆ ಯಾವುದು, ಕರ್ಜಿಕಾಯಿ ಯಾವುದು ಎಂದು ತಡಕುತ್ತಾ "ಅದ್ಭುತ" ಎನ್ನುತ್ತಾರೆ. ವಯಸ್ಸಾದವರು ಎಸ್ಥೆಟಿಕ್ಕಿಗೆ ಕೈಹಾಕದೆ ನೇರವಾಗಿ ಗೋಚಾರಕ್ಕೆ ಇಳಿಯುತ್ತಾರೆ. 2025ರ ಮಾರ್ಚ್ ಕೊನೆಗೆ ಶನಿ ಮೀನ ರಾಶಿಗೆ ಬಂದಾಗ ಮೇಷದವರಿಗೆ ಸಾಡೇಸಾತಿ ಶುರುವಾಯಿತು. ಆ ವಿಷಯ ಕಿವಿಗೆ ಬಿದ್ದ ವಾರದಲ್ಲೇ ಮಲಗುವ ಕೋಣೆಯ ಟಗರಿನ ಚಿತ್ರದ ಮೇಲೆ ಮೈಸೂರು ಸಿಲ್ಕಿನ ಹಳೆಯ ಸೀರೆಯಿಂದ ಹೊಲಿಸಿದ ಪರದೆಯೊಂದು ಇಳಿಬಿದ್ದಿರುತ್ತದೆ. ಗೃಹಸ್ಥ ಅದಕ್ಕೂ "ನಂಬಿಕೆ ಅಂತಲ್ಲ, ಟೆಕ್ಸ್‌ಚರ್" ಎನ್ನುತ್ತಾನೆ. ಏಳೂವರೆ ವರ್ಷ ಎಂದರೆ ಇಪ್ಪತ್ತು ವರ್ಷದ ಗೃಹಸಾಲದ ಮುಂದೆ ದೊಡ್ಡದೇನಲ್ಲ ಎಂಬ ಸಮಾಧಾನ ಹೇಳುವವನು ಅದೇ ಭಾವಮೈದುನ.

ಅವನತಿ ಆರಂಭವಾಗುವುದು ಕುಂಭದಿಂದ. ಮೇಲಿನ ಮನೆಯ ಬಚ್ಚಲಿನ ನೀರು ಕಾಂಕ್ರೀಟಿನಲ್ಲಿ ದಾರಿ ಹುಡುಕಿಕೊಂಡು, ಜಿಪ್ಸಂ ಹಲಗೆಯ ಬೆನ್ನಿಗೆ ಬಂದು, ಕೊಡ ಹಿಡಿದವನ ಭುಜದ ಬಳಿ ಕಂದು ಕಲೆಯಾಗಿ ಪ್ರಕಟವಾಗುತ್ತದೆ. ಮೊದಲ ದಿನ ಅದನ್ನು ಆಕಾಶಗಂಗೆ ಎಂದು ನೆಂಟರಿಗೆ ತೋರಿಸಲಾಗುತ್ತದೆ. ಎರಡನೆಯ ವಾರ ತೊಟ್ಟಿಕ್ಕತೊಡಗುತ್ತದೆ. ಯಾವ ಮಳೆ ಎಂದು ತಾಯಿಯನ್ನು ಕೇಳಿದರೆ ಇದು ಯಾವುದರ ಲೆಕ್ಕಕ್ಕೂ ಸೇರದ್ದು ಎನ್ನುತ್ತಾಳೆ. ಅಸೋಸಿಯೇಷನ್ ಸಭೆಯಲ್ಲಿ ಮೇಲಿನವರು ಪೈಪು ಬಿಲ್ಡರನದೆಂದೂ ಬಿಲ್ಡರನ ಕಡೆಯವರು ವಾರಂಟಿ ಮುಗಿಯಿತೆಂದೂ ವಾದಿಸುತ್ತಾರೆ. ಕೊನೆಗೆ ವಾಟರ್‌ಪ್ರೂಫಿಂಗಿನವನು ಬಂದು ಕುಂಭ ಮತ್ತು ಮಕರದ ಅರ್ಧವನ್ನು ಚೌಕಾಕಾರವಾಗಿ ಕತ್ತರಿಸಿ ತೆಗೆದು, ಬಿಳಿ ಹಲಗೆ ಕೂರಿಸಿ, ನೀಲಿ ಬಣ್ಣದ ನಂಬರು ಕೇಳುತ್ತಾನೆ. ನಂಬರು ಗೊತ್ತಿರುವ ಡಿಸೈನರು ಆ ವೇಳೆಗೆ ಫೋನು ಎತ್ತುವುದನ್ನು ನಿಲ್ಲಿಸಿರುತ್ತಾರೆ.

ಆರೇಳು ವರ್ಷಕ್ಕೆ ಗೃಹಸ್ಥ ಇನ್ನೂ ದೊಡ್ಡ ಫ್ಲಾಟಿಗೆ ಹೊರಡುತ್ತಾನೆ. ಎಂಡಿಎಫ್ ಚೌಕಗಳನ್ನು ಬಿಚ್ಚಿಕೊಂಡು ಹೋಗಲು ನೋಡಿದರೆ ಗೋಡೆಯ ಪುಟ್ಟಿಯೂ ಜೊತೆಗೇ ಹೊರಡುತ್ತದೆ. ಕೊಳ್ಳಲು ಬಂದವರು ತಲೆಯೆತ್ತಿ ನೋಡಿ, ಕಡುನೀಲಿ ಮುಚ್ಚಲು ಪ್ರೈಮರಿನ ಮೇಲೆ ಎಷ್ಟು ಕೋಟು ಬೇಕಾದೀತು ಎಂದು ಪೇಂಟರಿನಿಂದ ಅಂದಾಜು ತರಿಸಿ, ಆ ಮೊತ್ತವನ್ನು ಬೆಲೆಯಲ್ಲಿ ಕಳೆಯಲು ಕೇಳುತ್ತಾರೆ. ಇದನ್ನೆಲ್ಲ ಕಂಡ ಬ್ರೋಕರು ಜಾಹೀರಾತಿನಲ್ಲಿ ಪೂರ್ವದ ಬಾಗಿಲು, ಎರಡು ಕಾರ್ ಪಾರ್ಕಿಂಗ್, ಪವರ್ ಬ್ಯಾಕಪ್, ಕಾವೇರಿ ನೀರು ಸದ್ಯದಲ್ಲೇ ಎಂದಷ್ಟೇ ಬರೆಸುತ್ತಾನೆ. ಫೋಟೋಗಳನ್ನು ಎಲ್ಲ ದೀಪ ಹಾಕಿ, ನೆಲದ ಕಡೆಗೆ ತಿರುಗಿಸಿ ತೆಗೆಯುತ್ತಾನೆ.