ಬಾಗಿಲ ಬೀಡಿಂಗ್ ಬಾಯಿಬಿಟ್ಟಾಗ

ಮಾನಂತವಾಡಿಯಿಂದ ಕುರುವಾ ದ್ವೀಪದ ಕಡೆ ಹೊರಟರೆ ಪಯ್ಯಂಪಳ್ಳಿ ಸಿಗುತ್ತದೆ. ಪನಮರಂ ಹೊಳೆಯೂ ಮಾನಂತವಾಡಿ ಹೊಳೆಯೂ ಸೇರಿ ಕಬಿನಿಯಾಗುವ ಕೂಡಲ್‌ಕಡವು ಇಲ್ಲೇ ಹತ್ತಿರ. ಈ ಊರಿನ ಒಂದು ಅಂಗಳದಲ್ಲಿ, ಹಲಸಿನ ಮರದಡಿ, ಒಂದು ಬಿಳಿ ಅಂಬಾಸಿಡರ್ ನಿಂತಿದೆ. ಯಜಮಾನರ ಕಾಫಿ, ಮೆಣಸು ಇಲ್ಲಿ. ಶುಂಠಿ ಮಾತ್ರ ಗಡಿಯಾಚೆ ಹೆಗ್ಗಡದೇವನಕೋಟೆ ಕಡೆಯ ಗುತ್ತಿಗೆ ನೆಲದಲ್ಲಿ. ಕಾರಿನ ಬಗ್ಗೆ ಕೇಳಿದರೆ ಎಂಜಿನ್ನಿನ ಗುಣಗಾನ ಮಾಡಿ ಮುಗಿಸಲು ಅವರಿಗೆ ಅರ್ಧ ಗಂಟೆ ಬೇಕು. ಆದ್ದರಿಂದ ನಾವು ಅವರನ್ನು ಮಾತಾಡಿಸಲಿಲ್ಲ. ಮುಂದಿನ ಎಡಬಾಗಿಲ ಸುತ್ತ ಕೂತಿರುವ ರಬ್ಬರ್ ಬೀಡಿಂಗನ್ನು ಮಾತಾಡಿಸಿದೆವು. ಆಷಾಢದ ಮಳೆ ಕೊಂಚ ಹೊಳವಾದಾಗ ನಡೆದ ಮಾತುಕತೆ ಇದು.

ಪ್ರಶ್ನೆ: ನಮಸ್ಕಾರ. ಕನ್ನಡದಲ್ಲಿ ಮಾತಾಡಬಹುದೇ?

ಬೀಡಿಂಗ್: ಧಾರಾಳವಾಗಿ. ಈ ಕಾರಿನ ಮೊದಲ ಯಜಮಾನರು ಹುಣಸೂರಿನವರು, ಹೊಗೆಸೊಪ್ಪಿನ ವ್ಯಾಪಾರ. ಬಾಗಿಲು ಸರಿಯಾಗಿ ಬೀಳದಿದ್ದಾಗಲೆಲ್ಲ ಬೈಯುತ್ತಿದ್ದರು. ನನ್ನ ಕನ್ನಡವೆಲ್ಲ ಹಾಗೆ ಬಂದದ್ದು. ಈಗ ಮಲಯಾಳವೂ ಅದೇ ಪಠ್ಯಕ್ರಮದಲ್ಲಿ ಸಾಗಿದೆ.

ಪ್ರಶ್ನೆ: ಅಂದರೆ ಮೊದಲ ಯಜಮಾನರ ಕಾಲದಿಂದಲೂ ನೀವೇ ಇದ್ದೀರಾ?

ಬೀಡಿಂಗ್: ಇದ್ದೇನೆ. ಸಮಸ್ಯೆಯೇ ಅದು.

ಪ್ರಶ್ನೆ: ನಿಮ್ಮ ಕೆಲಸವೇನು ಅಂತ ನಮ್ಮ ಓದುಗರಿಗೆ ಸ್ವಲ್ಪ ಹೇಳಿ.

ಬೀಡಿಂಗ್: ಒತ್ತಿಸಿಕೊಳ್ಳುವುದು. ಬಾಗಿಲು ಬಿದ್ದಾಗ ನಾನು ಕುಗ್ಗಬೇಕು, ಕುಗ್ಗಿದವನು ತಿರುಗಿ ಒತ್ತಬೇಕು. ನೀರು, ದೂಳು, ಗಾಳಿಯ ಸದ್ದು ಹೊರಗೆ ನಿಲ್ಲುವುದು ಆ ಮರುಒತ್ತಿನಿಂದ. ಮೆತ್ತಗಿದ್ದರಷ್ಟೇ ನನಗೆ ಬೆಲೆ. ಆದರೆ ಯಜಮಾನರು ನನ್ನಿಂದ ನಿರೀಕ್ಷಿಸುವುದು ಹೊಳಪು. ಪ್ರತಿ ಓಣಂಗೆ, ಪ್ರತಿ ಮದುವೆಗೆ ಹೊಳಪು. ನನ್ನ ಒಳಗು ಗಟ್ಟಿಯಾಗಿ ಕಡ್ಡಿಯಾಗಿದೆಯೋ ಅಂತ ಉಗುರಿನಿಂದ ಒಮ್ಮೆ ಒತ್ತಿ ನೋಡಿದವರಿಲ್ಲ.

ಪ್ರಶ್ನೆ: ವಯನಾಡಿನ ಸರಾಸರಿ ಮಳೆ ವರ್ಷಕ್ಕೆ 2322 ಮಿಲಿಮೀಟರ್ ಅಂತಾರೆ. ಈ ಮಳೆಯೇ ನಿಮ್ಮನ್ನು ಹಾಳುಮಾಡಿದ್ದಲ್ಲವೇ?

ಬೀಡಿಂಗ್: ಎಲ್ಲರೂ ಮಳೆಯ ಮೇಲೆ ದೂರು ಹೇಳುತ್ತಾರೆ. ನಾನು ಸತ್ತಿದ್ದೇನೆ ಅನ್ನೋ ಸುದ್ದಿಯನ್ನು ಮಳೆ ಊರಿಗೆ ಹಂಚುತ್ತದೆ, ಅಷ್ಟೆ. ಕೊಲೆ ನಡೆದಿರುವುದು ಫೆಬ್ರವರಿ, ಮಾರ್ಚಿನಲ್ಲಿ. ಕಾಫಿ ಒಣಗಿಸಲು ಅಂಗಳ ಬೇಕು ಅಂತ ಕಾರನ್ನು ಮರದ ನೆರಳಿನಿಂದ ತಳ್ಳಿ ಬಯಲಿಗೆ ನಿಲ್ಲಿಸುತ್ತಾರೆ. ಕಾಫಿ ಮೂರು ವಾರದಲ್ಲಿ ಒಣಗಿ ಚೀಲಕ್ಕೆ ಹೋಗುತ್ತದೆ. ನಾನು ಒಣಗುತ್ತಲೇ ಇರುತ್ತೇನೆ.

ಬಿಸಿಲೊಂದೇ ಅಲ್ಲ, ಗಾಳಿಯಲ್ಲಿ ಓಝೋನ್ ಇದೆ. ನಾನು ಹಳೇ ಕಾಲದ ಸಹಜ ರಬ್ಬರು. ನನ್ನ ಅಣುಗಳ ಸರಪಳಿಯಲ್ಲಿ ಜೋಡಿಬಂಧಗಳಿವೆ, ಓಝೋನ್ ನೇರ ಅಲ್ಲಿಗೇ ಕತ್ತರಿ ಹಾಕುತ್ತದೆ. ಎಳೆದು ಕೂರಿಸಿದ ಜಾಗ ಮೊದಲು ಬಿರಿಯುತ್ತದೆ. ನೋಡಿ, ಈ ಮೇಲಿನ ಮೂಲೆ. ಬಗ್ಗಿ ತಿರುಗುವಲ್ಲಿ ಸಣ್ಣ ಸಣ್ಣ ಗೀರುಗಳು, ಎಲ್ಲವೂ ಎಳೆತಕ್ಕೆ ಅಡ್ಡಡ್ಡ. ಬೆರಳಿನಿಂದ ಅಗಲಿಸಿದರೆ ಒಳಗಿನ ಬೂದುಬಣ್ಣ ಕಾಣುತ್ತದೆ. ಸಾಕು, ಅಗಲಿಸಬೇಡಿ. ಈಗಿನ ಕಾರುಗಳ ಬೀಡಿಂಗ್ ಇಪಿಡಿಎಂ ಎಂಬ ಜಾತಿ. ಅವರ ಸರಪಳಿಯ ಬೆನ್ನಲ್ಲಿ ಜೋಡಿಬಂಧ ಇಲ್ಲ, ಅವರಿಗೆ ಓಝೋನ್ ಅಂದರೆ ಲೆಕ್ಕಕ್ಕೇ ಇಲ್ಲ. ಹೊಸ ಪೀಳಿಗೆ, ಚರ್ಮ ದಪ್ಪ.

ಪ್ರಶ್ನೆ: ರಬ್ಬರಿನ ನಾಡಿನಲ್ಲೇ ಇದ್ದೀರಿ. ಬಂಧುಬಳಗ ಹತ್ತಿರವಿರುವುದು ಒಂದು ಸಮಾಧಾನವೇ?

ಬೀಡಿಂಗ್: ಹೊಟ್ಟೆಯುರಿ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲಿನಿಂದ ಸುಮಾರು 70,000 ಬೀಜ ಲಂಡನ್ನಿನ ಕ್ಯೂ ತೋಟಕ್ಕೆ ಹೊತ್ತೊಯ್ದನಲ್ಲ, ನಮ್ಮ ವಂಶ ಪೂರ್ವದೇಶಗಳಿಗೆ ಬಂದದ್ದು ಆ ದಾರಿಯಲ್ಲಿ. 1902ರಲ್ಲಿ ಪೆರಿಯಾರ್ ದಂಡೆಯ ತಟ್ಟೇಕ್ಕಾಡಿನಲ್ಲಿ ತೋಟ ಎದ್ದಿತು. ನಿಮ್ಮ ಸುಳ್ಯ, ಪುತ್ತೂರಿನಲ್ಲೂ ನಮ್ಮವರಿದ್ದಾರೆ. ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಲಂಕೆಯಿಂದ ಬಂದ ತಮಿಳರಿಗೆ ಕೆಲಸ ಕೊಟ್ಟ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳು. ಅಲ್ಲೆಲ್ಲ ಮಳೆಗಾಲ ಬಂತೆಂದರೆ ಪ್ರತಿ ಮರಕ್ಕೂ ಪ್ಲಾಸ್ಟಿಕ್ ಲಂಗ ಕಟ್ಟುತ್ತಾರೆ. ರೇನ್‌ಗಾರ್ಡ್ ಅಂತೆ! ಹಾಲು ಇಳಿಸುವ ಗಾಯಕ್ಕೆ ಒಂದು ಹನಿ ನೀರು ಬೀಳಬಾರದು. ಇತ್ತ, ಮಳೆ ತಡೆಯೋದನ್ನೇ ಕಸುಬು ಮಾಡಿಕೊಂಡ ನನಗೆ? ಆ ಲಂಗದ ಹರಿದ ತುಂಡನ್ನು ಕಳೆದ ವರ್ಷ ಬಾಗಿಲ ಸಂದಿಗೆ ತುರುಕಿದರು.

ಪ್ರಶ್ನೆ: ಆರೈಕೆಯೇ ಇಲ್ಲ ಅನ್ನುವ ಹಾಗಿಲ್ಲ. ಯಜಮಾನರು ಎಣ್ಣೆ ಹಚ್ಚುತ್ತಾರಂತಲ್ಲ?

ಬೀಡಿಂಗ್: ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳಬಾರದು ಅಂತ ಗಾದೆ. ನನ್ನ ಪಾಲಿಗೆ ಎಣ್ಣೆ ಬಂತೆಂದರೆ ಕಣ್ಣು ಮುಚ್ಚುವುದೇ ಗತಿ. ಮೊದಲು ತೆಂಗಿನೆಣ್ಣೆ ಬಂತು. ಕೂದಲಿಗೆ, ಮೀನಿಗೆ, ಮೊಣಕಾಲಿಗೆ ಆಗುವುದು ರಬ್ಬರಿಗೆ ಯಾಕಾಗದು ಎಂಬ ತರ್ಕ. ಸಹಜ ರಬ್ಬರು ಎಣ್ಣೆ ಕುಡಿಯುತ್ತದೆ ಸ್ವಾಮಿ, ಕುಡಿದು ಉಬ್ಬುತ್ತದೆ. ಮೊದಲ ದಿನ ಮಿರಿಮಿರಿ, ಆಮೇಲೆ ನೀರಲ್ಲಿ ನೆನೆದ ಹಪ್ಪಳದ ಹಾಗೆ ಜೋಲು. ದೂಳು ಅಂಟಿತು, ಇರುವೆ ಸಾಲುಗಟ್ಟಿತು. ಇರುವೆ ಓಡಿಸಲು ಸೀಮೆಎಣ್ಣೆಯ ಬಟ್ಟೆ. ಸೀಮೆಎಣ್ಣೆಯ ವಾಸನೆ ಹೋಗಲು ಪೆಟ್ರೋಲಿನ ಬಟ್ಟೆ. ಕೊನೆಗೆ ಗ್ರೀಸು, ಚಕ್ರದ ಬೇರಿಂಗಿಗೆ ತಂದದ್ದು ಉಳಿದಿತ್ತು, ದಂಡವಾಗಬಾರದು ಅಂತ. ನನ್ನೊಳಗೆ ಓಝೋನ್ ತಡೆಯಲೆಂದು ಸೇರಿಸಿದ್ದ ಮೇಣ ಮೈಮೇಲೆ ತೆಳುಪೊರೆಯಾಗಿ ಕೂತಿತ್ತು. ಅದನ್ನೂ ಪೆಟ್ರೋಲಿನಲ್ಲಿ ಒರೆಸಿ ತೆಗೆದು, ‘ಈಗ ಕ್ಲೀನ್ ಆಯ್ತು’ ಅಂದರು.

ಪ್ರಶ್ನೆ: ಹಾಗಾದರೆ ಹಚ್ಚಬೇಕಾದದ್ದು ಏನು?

ಬೀಡಿಂಗ್: ಮೊದಲು ಸೌಮ್ಯ ಸೋಪಿನ ನೀರಿನಲ್ಲಿ ಒರೆಸಿ. ಪೂರ್ತಿ ಒಣಗಲಿ, ಈ ಊರಿನ ಆಷಾಢದಲ್ಲಿ ಅದು ಸಾಧ್ಯವಿಲ್ಲ, ಆದ್ದರಿಂದ ಮೇ ತಿಂಗಳಲ್ಲೇ ಮಾಡಿ. ಆಮೇಲೆ ಸಿಲಿಕೋನ್ ಗ್ರೀಸನ್ನು ಬಟ್ಟೆಗೆ ಹಾಕಿ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಬಟ್ಟೆಗೆ ಹಾಕಿ ಅಂದೆ. ಸಿಲಿಕೋನ್ ಸ್ಪ್ರೇಯನ್ನು ನೇರ ಹೊಡೆದರೆ ಬಣ್ಣದ ಮೇಲೆ ಹಾರುತ್ತದೆ, ನಾಳೆ ಆ ಬಾಗಿಲಿಗೆ ಹೊಸ ಪೇಂಟ್ ಹೊಡೆಯಹೋದರೆ ಅಲ್ಲಲ್ಲಿ ಮೀನಿನ ಕಣ್ಣಿನಂಥ ಕುಳಿ ಏಳುತ್ತದೆ. ಪೇಂಟರ್ ತನ್ನ ಹಣೆಬರಹ ಹಳಿದುಕೊಳ್ಳುತ್ತಾನೆ, ನೀವು ಅವನನ್ನು. ಸಿಲಿಕೋನ್ ಸಿಗದಿದ್ದರೆ ಮೆಡಿಕಲ್ ಶಾಪಿನ ಗ್ಲಿಸರಿನ್ ಆದೀತು. ಒಂದು ಮಾತು ಮಾತ್ರ ನೆನಪಿರಲಿ: ಮೆತ್ತಗಿರುವವನನ್ನು ಮೆತ್ತಗೇ ಇಡಲು ಇದೆಲ್ಲ. ಬಿರಿದವನನ್ನು ಯಾವ ಡಬ್ಬಿಯೂ ಹೊಲಿಯುವುದಿಲ್ಲ. ನನ್ನ ಮೇಲೆ ಖರ್ಚು ಮಾಡಿದರೆ ನನಗೆ ಸಂತೋಷ, ನಿಮಗೆ ನಷ್ಟ.

ಪ್ರಶ್ನೆ: ಆದರೂ ಕಾರಿನೊಳಗೆ ನೀರು ಬರುತ್ತಿರುವುದು ನಿಮ್ಮಿಂದಲೇ ತಾನೆ?

ಬೀಡಿಂಗ್: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಬಾಗಿಲನ್ನು ತೆಗೆದು ತುದಿ ಹಿಡಿದು ಮೇಲೆತ್ತಿ ನೋಡಿ. ಟಕ್ ಅಂತು, ಕೇಳಿತಾ? ಹಿಂಜಿನ ಪಿನ್ನು ಸವೆದಿದೆ. ಬಾಗಿಲು ಜೋತುಬಿದ್ದಿದೆ, ಕೆಳಗೆ ನನ್ನನ್ನು ಜಜ್ಜುತ್ತದೆ, ಮೇಲೆ ಮುಟ್ಟುವುದೇ ಇಲ್ಲ. ಮುಟ್ಟದ ಬಾಗಿಲನ್ನು ನಾನು ಎಲ್ಲಿಂದ ಒತ್ತಲಿ?

ಇನ್ನು ಬಾಗಿಲ ತಳದಲ್ಲಿ ಸಣ್ಣ ತೂತುಗಳಿವೆ, ನೋಡಿದ್ದೀರಾ? ಗಾಜಿನ ಪಕ್ಕದಿಂದ ಬಾಗಿಲ ಹೊಟ್ಟೆಯೊಳಗೆ ನೀರು ಇಳಿಯುವುದು ಸಹಜ, ಇಳಿದದ್ದು ಆ ತೂತಿನಿಂದ ಹೊರಹೋಗಬೇಕು. ಇಲ್ಲಿ ಅವುಗಳಿಗೆ ತುಕ್ಕು ಹಿಡಿಯಬಾರದೆಂದು ಡಾಂಬರು ಬಳಿದು ಮುಚ್ಚಿದ್ದಾರೆ. ಈಗ ಬಾಗಿಲೊಳಗೆ ಪುಟ್ಟ ಕಬಿನಿ. ತುಕ್ಕು ಒಳಗಿನಿಂದ ಬರುತ್ತಿದೆ, ಡಾಂಬರು ಹೊರಗಿನಿಂದ ಕಾವಲಿದೆ. ಮಾಡಿನ ಅಂಚಿನ ಗಟರ್ ಇದೆಯಲ್ಲ, ಅದರ ಸಂದಿಯ ಸೀಲೆಂಟ್ ಬಿರಿದು, ಅಲ್ಲಿಂದ ಇಳಿದ ಹನಿ ಕಂಬದೊಳಗೆ ಹರಿದು ಕಾಲಡಿಯ ಕಾರ್ಪೆಟ್ಟಿಗೆ ಬರುತ್ತದೆ. ಕಾರ್ಪೆಟ್ ಒದ್ದೆ ಅಂದಕೂಡಲೇ ಎಲ್ಲರ ಕಣ್ಣು ನನ್ನ ಮೇಲೆ.

ಪತ್ತೆ ಮಾಡಬೇಕೆಂದರೆ ಕಷ್ಟವಿಲ್ಲ. ಒಂದು ನೋಟನ್ನು ಬಾಗಿಲ ಸಂದಿಗಿಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ನಾನು ಬದುಕಿದ್ದೇನೆ, ಜಾರಿ ಬಂದರೆ ಅಲ್ಲಿ ಸಂದಿಯಿದೆ. ಸುತ್ತಲೂ ಹೀಗೆ ಮಾಡಿ. ಯಜಮಾನರಿಗೆ ಯಾರೋ ಇದನ್ನು ಹೇಳಿಕೊಟ್ಟಿದ್ದರು. ಐನೂರರ ನೋಟು ಇಟ್ಟರು, ಬಾಗಿಲು ಹಾಕಿದರು, ಎಳೆದರು, ಹರಿಯಿತು. ಅಂದಿನಿಂದ ಪರೀಕ್ಷೆ ಬಂದ್.

ಪ್ರಶ್ನೆ: ಹೊಸ ಬೀಡಿಂಗ್ ಹಾಕಿಸಿದರೆ ಮುಗಿಯಿತಲ್ಲ?

ಬೀಡಿಂಗ್: ಹಾಕಿಸುವುದೂ ಒಂದು ವಿದ್ಯೆ. ಹಿಂದಿನ ಎಡಬಾಗಿಲಿಗೆ ಹಾಕಿಸಿದರು, ಕೇಳಿ. ಮೀಟರ್ ಲೆಕ್ಕದ ಸಾಮಾನು. ಹುಡುಗ ಒಂದು ಗೇಣು ಉಳಿಸಲು ಎಳೆದೆಳೆದು ಕೂರಿಸಿದ, ಸೇರಿಕೆಯನ್ನು ಮೇಲೆ, ಮಳೆ ನೇರ ಬೀಳುವಲ್ಲಿ ಇಟ್ಟ. ಎಳೆದ ರಬ್ಬರು ತನ್ನ ಅಳತೆಗೆ ವಾಪಸ್ ಹೋಗದೆ ಇರುತ್ತದೆಯೇ? ಎರಡು ತಿಂಗಳಿಗೆ ಸೇರಿಕೆ ಬಾಯಿಬಿಟ್ಟಿತು. ಕೆಳಗಿನ ನಡುಮಧ್ಯದಿಂದ ಶುರುಮಾಡಿ, ಎಳೆಯದೆ, ಮೂಲೆಗಳಲ್ಲಿ ಕೊಂಚ ಒತ್ತೊತ್ತಾಗಿ ತುಂಬಿ, ಸೇರಿಕೆ ಕೆಳಗೇ ಬರುವಂತೆ ಮುಗಿಸಬೇಕು. ಹಳೆಯ ಗೋಂದು, ತುಕ್ಕು ಕೆರೆಯದೆ ಮೇಲೆ ಕೂರಿಸಿದರೆ ಕೂತದ್ದೂ ಅಲ್ಲ.

ನಮ್ಮ ಕಾರಿನ ಕಥೆ ನಿಮಗೆ ಗೊತ್ತಲ್ಲ. 1957ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಹುಟ್ಟಿತು, 2014ರಲ್ಲಿ ತಯಾರಿ ನಿಂತಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರೊಂದೇ 80 ಕೋಟಿಗೆ ಪೆಜೋ ಕಂಪನಿಗೆ ಹೋಯಿತು. ಹೆಸರಿಗೆ 80 ಕೋಟಿ. ಬೀಡಿಂಗ್ ಬೇಕು ಅಂದರೆ ಅಂಗಡಿಯವನು ಬಸ್ಸಿನದ್ದು ತೋರಿಸಿ ‘ಅಡ್ಜಸ್ಟ್ ಆಗತ್ತೆ’ ಅನ್ನುತ್ತಾನೆ.

ಪ್ರಶ್ನೆ: ಎದುರು ಮನೆಯ ಹೊಸ ಕಾರಿಗೆ ಸನ್‌ರೂಫ್ ಇದೆ. ಅದರ ಸೀಲಿನ ಜೊತೆ ಮಾತುಕತೆ ಉಂಟೇ?

ಬೀಡಿಂಗ್: ಪಾಪ, ಒಳ್ಳೆಯವನು. ವರ್ಷದ ನಾಲ್ಕು ತಿಂಗಳು ಆಕಾಶವೇ ಸುರಿಯುವ ಜಿಲ್ಲೆಯಲ್ಲಿ, ಮಾಡಿನಲ್ಲಿ ತೂತಿರುವ ಕಾರಿಗೆ ಹೆಚ್ಚು ಹಣ ಕೊಟ್ಟು ತಂದಿದ್ದಾರೆ. ಆ ಸೀಲು ಎಲ್ಲ ನೀರನ್ನೂ ತಡೆಯುವುದಿಲ್ಲ, ತಡೆಯುವ ಉದ್ದೇಶವೂ ಇಲ್ಲ. ನುಸುಳಿದ್ದು ಸುತ್ತಲ ಕಾಲುವೆಗೆ ಬಿದ್ದು, ಮೂಲೆಗಳ ಸಪೂರ ಕೊಳವೆಯಲ್ಲಿ ಕಂಬದೊಳಗಿಂದ ಇಳಿದು ಹೊರಹೋಗಬೇಕು. ಕೊಳವೆಗೆ ಸಿಲ್ವರ್ ಓಕಿನ ಎಲೆಚೂರು ಕೂತರೆ ಸ್ನಾನ ಒಳಗೇ. ಮೊನ್ನೆ ಮಕ್ಕಳು ಅದರಲ್ಲಿ ಎದ್ದು ನಿಂತು ಕೈಬೀಸುತ್ತಾ ಹೋದರು, ಸೀಲಿನ ಮೇಲೇ ಮೊಣಕೈ ಊರಿಕೊಂಡು. ಅವನು ನನಗೆ ಕಣ್ಣುಹೊಡೆದ. ಬಿಗಿಯಾಗಿದ್ದಾನೆ ಇನ್ನೂ, ಹೊಸಬ.

ಪ್ರಶ್ನೆ: ನಿಮ್ಮ ಯಜಮಾನರು ಹಣ ಬಿಚ್ಚದವರೇ?

ಬೀಡಿಂಗ್: ಹಾಗನ್ನಬೇಡಿ, ಧಾರಾಳಿಗಳು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5000 ಆಯಿತಲ್ಲ, ಹಲ್ಲುಕಚ್ಚಿ ಕಟ್ಟಿದರು. ನವೀಕರಣದ ಪರೀಕ್ಷೆಗೆ ಹೋಗುವ ಮೊದಲು ಹೊಸ ಹಾರ್ನ್, ಹೊಸ ಸೀಟ್ ಕವರ್, ಡ್ಯಾಶ್‌ಬೋರ್ಡಿಗೆ ಹೊಸ ಹೂವು. ನನಗೆ ಟೈರ್ ಪಾಲಿಶ್. ಅಲ್ಲಿ ಲೈಟು, ಬ್ರೇಕು ಎಲ್ಲ ನೋಡಿದರು. ಒದ್ದೆ ಕಾರ್ಪೆಟ್ಟಿನ ಮೇಲೆ ಹೊಸ ಮ್ಯಾಟ್ ಹಾಸಿದ್ದರಿಂದ ಕಾಲಿಟ್ಟವರಿಗೂ ತಿಳಿಯಲಿಲ್ಲ. ಪಾಸಾದೆವು. ವಾಪಸು ಬರುವಾಗ ಶುಂಠಿಮೂಟೆ ಹಿಂದಿನ ಸೀಟಿಗೆ ಏರಿತು. ಮಣ್ಣು, ನೀರು, ಆ ಸೀಟ್ ಕವರ್.

ಪ್ರಶ್ನೆ: ಹೊರಡುತ್ತೇವೆ. ಬಾವಲಿ ಗೇಟು ಸಂಜೆ 6ಕ್ಕೆ ಮುಚ್ಚುತ್ತದೆ, ಆಮೇಲೆ ಕಾಡಿನ ದಾರಿಯಿಲ್ಲ. ಬೇರೇನಾದರೂ ಹೇಳುವುದಿದೆಯೇ?

ಬೀಡಿಂಗ್: ಇದೆ. ಬಾಗಿಲು ಹಾಕಿ ಹೋಗಿ, ಮೋಡ ಕಟ್ಟುತ್ತಿದೆ. ಎಸೆದು ಹಾಕಬೇಡಿ. ಹಿಡಿ ಹಿಡಿದು ಸ್ವಲ್ಪ ಮೇಲೆತ್ತಿ ಹಾಕಿ.

ಪ್ರಶ್ನೆ: ಹಾಕಿದೆ.

ಬೀಡಿಂಗ್: ಬಿದ್ದಿಲ್ಲ. ಇನ್ನೊಂದ್ಸಲ. ಎತ್ತಿ ಅಂದೆ.