ಸಾವಿರ ಎಲೆ, ಮೂರು ಸಹಿ

ಮದುವೆಯಾಗಿ ನಾಲ್ಕು ದಶಕ ದಾಟಿದ ಮೇಲೆ, ತಾನು ಇವಳ ಗಂಡನೇ ಹೌದೆಂದು ರುಜುವಾತು ಮಾಡಬೇಕಾದ ಪ್ರಸಂಗ ನಮ್ಮ ಪಕ್ಕದ ಮನೆಯ ರಾಯರಿಗೆ ಬಂದಿದೆ. ಸುದ್ದಿ ಕಾಂಪೌಂಡ್ ಗೋಡೆಯ ಮೇಲಿಂದ ಕರಿಬೇವಿನ ಸೊಪ್ಪಿನ ಜೊತೆಗೇ ನಮ್ಮ ಕಡೆ ದಾಟಿತು. ದಾಟಿಸಿದವರು ರಾಯರ ಹೆಂಡತಿ, ನಮ್ಮೆಲ್ಲರ ವೈನಿ. ರಾಯಚೂರಿನವರು. ಹೈದರಾಬಾದಿನ ಮಣಿಕೊಂಡಕ್ಕೆ ಬಂದು ಎಷ್ಟು ವರ್ಷವಾದರೂ ತರಕಾರಿಯವನ ಜೊತೆ ತೆಲುಗು, ಆಟೋದವನ ಜೊತೆ ಉರ್ದು, ಜಗಳ ಮಾತ್ರ ಕನ್ನಡದಲ್ಲಿ.

ಕ್ಯಾಲಿಫೋರ್ನಿಯಾದಲ್ಲಿರುವ ಮಗ ಈಗ ಆ ದೇಶದ ಪ್ರಜೆ. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಬೇಕೆಂದು ಅರ್ಜಿ ತುಂಬಲು ಕೂತಿದ್ದಾನೆ. ತಾಯಿಯ ಅರ್ಜಿಗೆ ಮಗನ ಜನನ ಪತ್ರದಲ್ಲಿ ಅವಳ ಹೆಸರಿದ್ದರೆ ನಡೆಯುತ್ತದಂತೆ. ತಂದೆಗೆ ಅಷ್ಟು ಸಾಲದು, ತಾಯಿಯನ್ನು ಮದುವೆಯಾದ ಸರ್ಟಿಫಿಕೇಟೂ ಬೇಕು.

“ನನಗ ಏನೂ ಕೇಳಿಲ್ಲ ನೋಡವಾ ತಂಗಿ, ಇವರಿಗಷ್ಟ ಕೇಳ್ಯಾರ. ಅಮೆರಿಕಾದವರು ಭಾಳ ಶಾಣ್ಯಾರಿದ್ದಾರ” ಎಂದು ವೈನಿ ನಕ್ಕರು. ಒಳಗೆ ಪೇಪರ್ ಓದುತ್ತಿದ್ದ ರಾಯರು ಕೆಮ್ಮಿದ್ದು ಗೋಡೆಯಾಚೆಗೂ ಕೇಳಿಸಿತು.

ಇವರ ಮದುವೆ 1979ರಲ್ಲಿ, ರಾಯಚೂರಿನಲ್ಲಿ. ಊರಿಗೆ ಊರೇ ಉಂಡಿತ್ತು. ಅಂಥ ಮದುವೆಯನ್ನು ಕಚೇರಿಗೆ ಹೋಗಿ ಬರೆಸಬೇಕೆಂದು ಆಗ ಯಾರಾದರೂ ಹೇಳಿದ್ದರೆ, ಮದುಮಗಳು ಓಡಿಬಂದವಳೇನೋ ಎಂದು ಬೀಗರು ಅನುಮಾನಪಡುತ್ತಿದ್ದರು. ‘ರಿಜಿಸ್ಟರ್ ಮದುವೆ’ ಅಂದರೆ ನಮ್ಮ ಹಿರಿಯರ ಪಾಲಿಗೆ ಮನೆಯವರಿಗೆ ಹೇಳದೆ ಆದ ಮದುವೆ. ಅದೇ ಓಣಿಯ ಮುಸ್ಲಿಂ ಮನೆಗಳಲ್ಲಿ ಹಾಗಿರಲಿಲ್ಲ. ನಿಕಾಹ್ ಮುಗಿಯುತ್ತಿದ್ದಂತೆ ಖಾಜಿಯವರ ಪುಸ್ತಕದಲ್ಲಿ ಎಲ್ಲವೂ ದಾಖಲಾಗುತ್ತಿತ್ತು. ಇವತ್ತಿಗೂ ಹೈದರಾಬಾದಿನಲ್ಲಿ ಆ ದಾಖಲೆಯ ಮೇಲೆ ವಕ್ಫ್ ಬೋರ್ಡು ಮದುವೆಯ ಸರ್ಟಿಫಿಕೇಟ್ ಕೊಡುತ್ತದೆ. ನಾವು ಮಾತ್ರ ಅಗ್ನಿಯನ್ನು ಸಾಕ್ಷಿಗೆ ಕರೆದೆವು. ಅಗ್ನಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕುವುದಿಲ್ಲ.

“ಹಂಗಾರ ಇಷ್ಟು ದಿನ ನಮ್ಮದು ಮದವಿನ ಅಲ್ಲೇನು?” ಎಂದು ವೈನಿ ಕೇಳಿದರು. ಹೌದು, ಖಂಡಿತ ಮದುವೆಯೇ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರ, ಸಪ್ತಪದಿ ಇರುವ ಸಂಪ್ರದಾಯದಲ್ಲಿ ಏಳನೇ ಹೆಜ್ಜೆ ಇಟ್ಟ ಕ್ಷಣಕ್ಕೆ ಮದುವೆ ಪೂರ್ಣ. ನೋಂದಣಿಯ ಮಾತು ಬರುವುದು 8ನೇ ಕಲಮಿನಲ್ಲಿ. ನೋಂದಣಿ ಆಗಿಲ್ಲವೆಂದು ಮದುವೆ ಕೆಡುವುದಿಲ್ಲ ಎಂದೂ ಅಲ್ಲೇ ಬರೆದಿದೆ. ಅಂದರೆ ರಾಯರು ಗಂಡನೇ, ಕಾಗದವಿಲ್ಲದ ಗಂಡ.

ಕಾಗದ ಮಾಡಿಸಲು ರಾಯಚೂರಿಗೇ ಹೋಗಬೇಕೆಂದಿಲ್ಲ. ಮದುವೆ ನಡೆದ ಊರಿನ ಕಚೇರಿಯಾದರೂ ಸರಿ, ವಾಸವಿರುವ ಊರಿನದಾದರೂ ಸರಿ. ಆಧಾರ್ ಬೇಕು, ವಯಸ್ಸಿನ ದಾಖಲೆ ಬೇಕು (ಇಲ್ಲಿಯವರು ‘ಟೆಂತ್ ಮೆಮೊ’ ಅನ್ನುತ್ತಾರಲ್ಲ, ಅದು), ಲಗ್ನಪತ್ರಿಕೆ, ಮದುವೆಯ ಫೋಟೊ, ಜೊತೆಗೆ ಮೂವರು ಸಾಕ್ಷಿಗಳು.

ಪುಣ್ಯಕ್ಕೆ ಲಗ್ನಪತ್ರಿಕೆ ಟ್ರಂಕಿನ ತಳದಲ್ಲಿ ಸಿಕ್ಕಿತು. ತೊಡಕು ಶುರುವಾದದ್ದೇ ಅಲ್ಲಿ. ಪತ್ರಿಕೆಯಲ್ಲಿರುವುದು ವೈನಿಯ ತವರಿನ ಹೆಸರು. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ರಾಯರು ಉಂಗುರದಿಂದ ಬೇರೆ ಹೆಸರು ಬರೆದರಲ್ಲ, ಆಧಾರಿನಲ್ಲಿರುವುದು ಆ ಹೆಸರು. ಅಕ್ಕಿ ಅಂದೇ ಪಾತ್ರೆ ಸೇರಿತು, ಹೆಸರು ಉಳಿಯಿತು. ಈಗ ನೋಟರಿಯ ಮುಂದೆ ‘ಆಕೆಯೂ ನಾನೇ, ಈಕೆಯೂ ನಾನೇ’ ಎಂದು ಅಫಿಡವಿಟ್ ಮಾಡಿಸಬೇಕು.

“ಹೆಸರು ಬದಲಿ ಮಾಡಿದವರು ಇವರು, ಅಫಿಡವಿಟ್ ಮಾತ್ರ ನಂದು!” ಎಂದು ವೈನಿ ಸಿಡುಕಿದರು. ನ್ಯಾಯವಾದ ಮಾತೇ.

ಅವರ ಮಗನ ಮದುವೆಯಲ್ಲಿ ಕ್ರಮ ತಲೆಕೆಳಗಾಗಿತ್ತು. ಅಲ್ಲಿ ಕಾಗದ ಮೊದಲು, ಮಂಗಳವಾದ್ಯ ಆಮೇಲೆ. ಜೋಡಿ ಕೌಂಟಿ ಕಚೇರಿಗೆ ಹೋಗಿ ಲೈಸೆನ್ಸ್ ತಂದಮೇಲೆಯೇ ದೇವಸ್ಥಾನದ ಪುರೋಹಿತರು ಸಂಕಲ್ಪ ಹೇಳಿದ್ದು. ಕ್ಯಾಲಿಫೋರ್ನಿಯಾದಲ್ಲಿ ಆ ಲೈಸೆನ್ಸಿಗೆ 90 ದಿನ ಆಯಸ್ಸು. ನ್ಯೂಯಾರ್ಕಿನಲ್ಲಿ 60 ದಿನ, ಅದೂ ಕೈಗೆ ಬಂದಮೇಲೆ 24 ಗಂಟೆ ಕಾಯಬೇಕು. ಟೆಕ್ಸಾಸಿನಲ್ಲಿ 72 ಗಂಟೆ. ಮದುವೆ ಮಾಡಿಸಿದ ಪುರೋಹಿತರು ಸಹಿ ಹಾಕಿ ಕೌಂಟಿಗೆ ವಾಪಸು ಕಳಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಹತ್ತು ದಿನದ ಗಡುವು. ದಾಖಲಾದ ಮೇಲೆ ಯಾವಾಗ ಬೇಕಾದರೂ ಪ್ರತಿ ಕೇಳಿ ಪಡೆಯಬಹುದು. ನಮ್ಮ ಆಚಾರ್ಯರಿಗೆ ದಕ್ಷಿಣೆಯ ಜೊತೆ ಈ ಜವಾಬ್ದಾರಿಯನ್ನೂ ಕೊಟ್ಟಿದ್ದರೆ ರಾಯರಿಗೆ ಈ ಕಾಟವಿರುತ್ತಿರಲಿಲ್ಲ.

ಕಾಗದ ಮೊದಲು ಎನ್ನುವ ಗಾಳಿ ಮಣಿಕೊಂಡಕ್ಕೂ ಬೀಸಿದೆ. ಗಚ್ಚಿಬೌಲಿಯ ಕಂಪನಿಗಳಿಗೆ ಹೋಗಿಬರುವ ಹುಡುಗರೇ ಮನೆಮನೆಯಲ್ಲೂ ಬಾಡಿಗೆಗಿದ್ದಾರೆ. ಅವರಲ್ಲೊಬ್ಬನಿಗೆ ವೀಸಾದ ಅವಸರ ಬರುವುದು ಸರಿಯಾಗಿ ಆಷಾಢದಲ್ಲಿ. ಮುಹೂರ್ತವಿಲ್ಲ. “ಈಗ ರಿಜಿಸ್ಟರ್ ಮಾಡಿಸಿಬಿಡೋಣ, ಶ್ರಾವಣದಲ್ಲಿ ತಾಳಿ ಕಟ್ಟಿದರಾಯಿತು” ಎನ್ನುತ್ತಾರೆ ಹಿರಿಯರೇ. 2024ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಬ್ಬರು ಪೈಲಟ್‌ಗಳ ಪ್ರಕರಣ ಬಂದಿತ್ತು. ಶಾಸ್ತ್ರವಾಗದೆಯೇ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದರು. ಹಿಂದೂ ವಿವಾಹ ಕಾಯ್ದೆಯಲ್ಲಿ ವಿಧಿಯಿಲ್ಲದೆ ಮದುವೆಯೇ ಇಲ್ಲ, ಮದುವೆಯಿಲ್ಲದ ಮೇಲೆ ಆ ಕಾಗದಕ್ಕೆ ಬೆಲೆಯೂ ಇಲ್ಲ ಎಂದಿತು ನ್ಯಾಯಾಲಯ. ಶಾಸ್ತ್ರ ಬಿಟ್ಟು ಬರೀ ಕಚೇರಿಯಲ್ಲೇ ಮದುವೆಯಾಗಬೇಕೆಂದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅಲ್ಲಿ ನೋಟಿಸ್ ಅಂಟಿಸಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು 30 ದಿನ ಕಾಯುತ್ತಾರೆ. ಅಷ್ಟರಲ್ಲಿ ಆಷಾಢವೇ ಮುಗಿದಿರುತ್ತದೆ.

ವೀಸಾ, ಗ್ರೀನ್ ಕಾರ್ಡ್ ಎಂದು ಮಾತಾಡಿ ಮಾತಾಡಿ ನಾವು ಈ ಕಾಗದವನ್ನು ವಿಮಾನ ಹತ್ತುವವರ ತಲೆನೋವು ಎಂದುಕೊಂಡಿದ್ದೇವೆ. ಆದರೆ ಎಲ್ಲ ಮದುವೆಗಳನ್ನೂ ನೋಂದಾಯಿಸಲೇಬೇಕೆಂದು ರಾಜ್ಯಗಳಿಗೆ ಸುಪ್ರೀಂ ಕೋರ್ಟ್ ಹೇಳಿದ್ದು 2006ರ ಫೆಬ್ರುವರಿ 14ರಂದು, ಪ್ರೇಮಿಗಳ ದಿನ. ಆ ತೀರ್ಪಿನಲ್ಲಿ ಪ್ರೇಮದ ಮಾತಿಲ್ಲ. ಬಾಲ್ಯವಿವಾಹ ನಿಲ್ಲಲಿ, ಹೆಂಡತಿಯಿರುವಾಗಲೇ ಇನ್ನೊಂದು ಮದುವೆಯಾಗುವವರಿಗೆ ತಡೆ ಬೀಳಲಿ, ಗಂಡ ಬಿಟ್ಟರೆ ಅವಳಿಗೆ ಜೀವನಾಂಶ ಸಿಗಲಿ, ಗಂಡ ಹೋದರೆ ಆಸ್ತಿಯ ಪಾಲು ಸಿಗಲಿ ಎಂಬ ಮಾತುಗಳಿವೆ. ಅವಿಭಜಿತ ಆಂಧ್ರದಲ್ಲಂತೂ ಅದಕ್ಕೂ ಮೊದಲೇ, 2002ರಲ್ಲಿ, ಕಡ್ಡಾಯ ನೋಂದಣಿಯ ಕಾಯ್ದೆ ಬಂದಿತ್ತು. ತೆಲಂಗಾಣದ ಕಲ್ಯಾಣಲಕ್ಷ್ಮಿ ಯೋಜನೆಯನ್ನೇ ನೋಡಿ. ಬಡವರ ಮನೆಯ ಮದುವೆಗೆ 1,00,116 ರೂಪಾಯಿ. ಬಾಲಕ್ಕೆ 116 ಸೇರಿಸಿ ಮುಯ್ಯಿ ಮಾಡುವುದು ಸರ್ಕಾರಕ್ಕೂ ಗೊತ್ತು. ಆದರೆ ಹುಡುಗಿಗೆ 18 ತುಂಬಿದೆ ಎಂಬ ದಾಖಲೆಯಿಲ್ಲದೆ ಅದು ಕವರ್ ಬಿಚ್ಚುವುದಿಲ್ಲ.

ಇದನ್ನೆಲ್ಲ ಹೇಳಿದಾಗ ವೈನಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ನಮ್ಮ ಅತ್ತಿಗೆ ಸೋದರತ್ತಿ ಒಬ್ಬಾಕಿ ಇದ್ದಳು” ಎಂದರು ಆಮೇಲೆ. “ಗಂಡ ಹ್ವಾದಮ್ಯಾಲೆ ಮೈದುನರು ಹೊಲ ಕೊಡಲಿಲ್ಲ. ಮದವಿ ಆಗಿದ್ದಕ್ಕ ಏನದ ಅಂತ ಕೇಳಿದರು. ಊರೆಲ್ಲ ಉಂಡಿತ್ತವಾ. ಒಬ್ಬರೂ ಬಾಯಿ ಬಿಡಲಿಲ್ಲ.”

ಇಷ್ಟೇ ನನಗೂ ಅನ್ನಿಸುವುದು. ಗಂಡ ಹೆಂಡತಿ ಇಬ್ಬರೂ ಚೆನ್ನಾಗಿ ಬಾಳುತ್ತಿರುವಷ್ಟು ದಿನ ಆ ಕಾಗದ ಯಾರಿಗೂ ಬೇಡ. ಬೇಕಾಗುವುದು ಒಬ್ಬರೇ ಉಳಿದ ದಿನ, ಹೆಚ್ಚಿನ ಮನೆಗಳಲ್ಲಿ ಅವಳಿಗೆ. ಸಾವಿರ ಎಲೆ ಹಾಕಿಸುವ ನಾವು ಅವಳ ಕೈಗೆ ಮೂರು ಸಹಿ ಇರುವ ಒಂದು ಹಾಳೆಯನ್ನು ಇಡಲು ಮರೆಯುತ್ತೇವೆ.

ರಾಯರಿಗೆ ಈಗ ಆ ಮೂವರದೇ ಚಿಂತೆ. ಮದುವೆ ಮಾಡಿಸಿದ ಆಚಾರ್ಯರು ಇಲ್ಲ. ಉಂಡವರಲ್ಲಿ ಹಲವರು ಇಲ್ಲ. ಇದ್ದವರಿಗೆ ಶಾವಿಗೆ ಪಾಯಸ ನೆನಪಿದೆ, ತಾರೀಖು ನೆನಪಿಲ್ಲ. ಕೊನೆಗೆ ವೈನಿಯೇ ಒಬ್ಬರನ್ನು ಗೊತ್ತು ಮಾಡಿದ್ದಾರೆ, ರಾಯರ ದೊಡ್ಡಪ್ಪನ ಮಗ. ಬೀಗರು ಎದುರುಗೊಳ್ಳಲು ತಡ ಮಾಡಿದರೆಂದು ಅವತ್ತು ಊಟ ಬಿಟ್ಟು ಮುನಿಸಿಕೊಂಡು ಹೋದವರು. ಫೋನ್ ಮಾಡಿದರೆ ತಾರೀಖು, ವಾರ, ತಿಥಿ, ಮುಹೂರ್ತದ ಗಳಿಗೆ, ಅವತ್ತು ತನಗೆ ಕೊಟ್ಟ ಮಣೆಯ ಕಾಲು ಅಲ್ಲಾಡುತ್ತಿದ್ದದ್ದು, ಎಲ್ಲವನ್ನೂ ತಡೆಯಿಲ್ಲದೆ ಹೇಳಿದರಂತೆ.

“ಸಹಿ ಹಾಕಲಿಕ್ಕೆ ಬರತಾರಂತ?” ಎಂದೆ.

“ಬರತಾರ. ಎದುರುಗೊಳ್ಳಲಿಕ್ಕೆ ಸ್ಟೇಷನ್ನಿಗೆ ಇವರೇ ಹೋಗಬೇಕಂತ, ಟೈಮಿಗೆ ಸರಿಯಾಗಿ.”